ಎಚ್ಚರವಿತ್ತು, ಪುಟ್ಟೀ

ಹನುಮಂತನಗರ, ಬೆಂಗಳೂರು
ಮಂಗಳವಾರ ಮಧ್ಯಾಹ್ನ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಬೆಳಗಿನ ಜಾವ ಮೂರೂವರೆಗೆ ನೀನು ಕೋಣೆಯ ಬಾಗಿಲಲ್ಲಿ ನಿಂತು "ಅಮ್ಮಾ, ಎಚ್ಚರಾನಾ?" ಅಂತ ಕೇಳಿದೆಯಲ್ಲ, ನನಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ನೀನು ಇನ್ನೊಂದು ಸಲ ಕರೆಯಲಿಲ್ಲ. ಮಂಚದ ಹತ್ತಿರ ಬಂದು ನೀರಿನ ಬಾಟಲಿಯನ್ನು ಕೈಗೆಟುಕುವ ಹಾಗೆ ಈಚೆ ಸರಿಸಿದೆ, ವಾಕರನ್ನು ಮಂಚಕ್ಕೆ ತಾಗಿಸಿ ನಿಲ್ಲಿಸಿದೆ. ಆಮೇಲೆ ಹೊದಿಕೆಯೊಳಗೆ ಕೈ ಹಾಕಿ, ನಾನು ಮಂಡಿಯಡಿಗೆ ದಿಂಬು ತೂರಿಸಿಕೊಂಡಿದ್ದೇನಾ ಅಂತ ತಡವಿ ನೋಡಿದೆ. ದಿಂಬಿತ್ತು. ನೋವಾಗದ ಹಾಗೆ ಮೆಲ್ಲಗೆ ಎಳೆದು ತೆಗೆದು ಕಾಲನ್ನು ನೆಟ್ಟಗೆ ಇಟ್ಟೆ. ಆಗಲೂ ನಾನು ಕಣ್ಣು ಬಿಡಲಿಲ್ಲ. ಹೊರಗೆ ಕ್ಯಾಬ್ ನಿಂತ ಸದ್ದು, ಅಪ್ಪ ಗೇಟು ತೆಗೆದ ಸದ್ದು, ನಿನ್ನ ಸೂಟ್‌ಕೇಸಿನ ಗಾಲಿ ಮೂರು ಮೆಟ್ಟಿಲು ಇಳಿದ ಸದ್ದು, ಎಲ್ಲ ಕೇಳಿತು.

ಪುಣೆ ತಲುಪಿದ ಮೇಲೆ "ಬಂದೆ" ಅಂತ ಒಂದೇ ಮಾತು ಅಪ್ಪನ ಫೋನಿಗೆ ಕಳಿಸಿದ್ದೀಯ. ನನ್ನ ಫೋನಿಗಲ್ಲ. ಅದರಲ್ಲಿ ನಿನ್ನ ತಪ್ಪಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ಗಂಟಲು ಕಟ್ಟುತ್ತದೆ, ಇಲ್ಲವೇ ಮತ್ತೆ ಜಗಳವಾಗುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀನು ಎರಡು ಮೀಟಿಂಗಿನ ನಡುವೆ ಓದುತ್ತೀಯ. ಅದಕ್ಕೇ ಕಾಗದ. ನೀನು ಊಟಕ್ಕೆ ಅಂತ ತಂದ ಮಡಿಸುವ ಮೇಜನ್ನು ಮಂಚದ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಕಾಲು ಸರಿಮಾಡಿಕೊಳ್ಳಬೇಕು, ಅಕ್ಷರ ಸೊಟ್ಟ ಆದರೆ ಅದಕ್ಕೆ ಅಂತ ತಿಳಿ.

ಮಂಡಿ ಆಪರೇಷನ್ ದಿನದ್ದು, ಆಸ್ಪತ್ರೆಯ ನಾಲ್ಕು ರಾತ್ರಿಯದ್ದು ನಿನಗೂ ಗೊತ್ತು, ನನಗೂ ಗೊತ್ತು, ಅದನ್ನೆಲ್ಲ ಬರೆಯುವುದು ಬೇಡ. ಭಾನುವಾರ ರಾತ್ರಿಯದ್ದನ್ನೂ ನೆನಪಿಸಬೇಕಾಗಿಲ್ಲ. ದೀಪ ಹಾಕದೆ ನಾನೊಬ್ಬಳೇ ಬಚ್ಚಲಿಗೆ ಹೊರಟಿದ್ದು, ಎರಡನೇ ಹೊಸ್ತಿಲ ಹತ್ತಿರ ವಾಕರಿನ ಕಾಲು ಮ್ಯಾಟಿಗೆ ಸಿಕ್ಕಿಕೊಂಡಿದ್ದು, ನೀನು ಓಡಿಬಂದು ಸೊಂಟ ಹಿಡಿದದ್ದು. ನೀನು ಕೂಗಾಡಿದ್ದರಲ್ಲಿ ನ್ಯಾಯವಿತ್ತು. ನಾನಾಡಿದ ಮಾತಿನಲ್ಲಿ ಇರಲಿಲ್ಲ. "ನಿನ್ನ ಉಪಕಾರ ಸಾಕು, ನಿನ್ನ ಮನೆಗೆ ನೀನು ಹೊರಡು" ಅಂದುಬಿಟ್ಟೆ. ಐದು ವಾರ ಗಂಡ, ಮಗುವನ್ನು ಬಿಟ್ಟು ಬಂದು ಕೂತವಳಿಗೆ, ನನ್ನನ್ನು ಕಮೋಡಿನ ಕುರ್ಚಿಯಿಂದ ಎಬ್ಬಿಸಿ ತೊಳೆದವಳಿಗೆ ಉಪಕಾರ ಅನ್ನುವ ಮಾತು ನನ್ನ ಬಾಯಲ್ಲಿ ಎಲ್ಲಿಂದ ಬಂತು ಅಂತ ನಿನ್ನೆಯೆಲ್ಲ ಹುಡುಕಿದೆ. ನೀನು ಮಾತಿಲ್ಲದೆ ಬಟ್ಟೆ ಮಡಿಸುತ್ತಿದ್ದೆ, ನಾನು ಮಾತಿಲ್ಲದೆ ಮಂಡಿ ಮಡಿಸುತ್ತಿದ್ದೆ. ತಪ್ಪಾಯ್ತು ಪುಟ್ಟೀ. ಆ ಮಾತು ನಿನಗೆ ಆಡಬೇಕಾದದ್ದಲ್ಲ.

ಈಗ ಆ ಬೆಲ್ಲಿನ ವಿಷಯ. ಒತ್ತುವ ಗುಂಡಿ ನನ್ನ ದಿಂಬಿನ ಪಕ್ಕ, ಸದ್ದು ಮಾಡುವ ಡಬ್ಬಿ ಹಾಲಿನ ಪ್ಲಗ್ಗಿನಲ್ಲಿ. ರಾತ್ರಿ ಹೊತ್ತು ನಾನು ಅದನ್ನು ಒಂದು ಸಲವೂ ಒತ್ತಿಲ್ಲ. ಮೊದಲ ಎರಡು ವಾರ ನೀನು ಮಂಚದ ಕೆಳಗೇ ಹಾಸಿಗೆ ಹಾಸಿಕೊಂಡಿದ್ದೆ. ನಾನು ಉಸಿರು ಬಿಗಿ ಹಿಡಿದರೂ ಏಳುತ್ತಿದ್ದೆ, ಕರೆಯುವ ಪ್ರಮೇಯವೇ ಬರಲಿಲ್ಲ. ಹೊಲಿಗೆಯ ಪಿನ್ನು ತೆಗೆಸಿ ಬಂದ ಮೇಲೆ ನಾನೇ ಹಟಮಾಡಿ ನಿನ್ನನ್ನು ಮಲಗಲು ಹಾಲಿಗೆ ಕಳಿಸಿದೆ. ಆಮೇಲೆ ಶುರುವಾಯಿತು. ಮಧ್ಯರಾತ್ರಿ ಎಚ್ಚರವಾಗುತ್ತದೆ, ಗುಂಡಿಯ ಮೇಲೆ ಬೆರಳಿಡುತ್ತೇನೆ, ಒತ್ತಲು ಆಗುವುದಿಲ್ಲ. ನೀನು ಅದನ್ನು ಸೊಕ್ಕು ಅಂದೆ. ಸೊಕ್ಕಲ್ಲ. ಒತ್ತಿದರೂ ನೀನು ಏಳದೆ ಹೋದರೆ ಅನ್ನುವ ಹೆದರಿಕೆ. ಕರೆದಾಗ ಏಳದೆ ಮಲಗಿದ್ದವಳೊಬ್ಬಳನ್ನು ನಾನು ಬಲ್ಲೆ.

ನಿನಗೆ ಅಜ್ಜಿಯ ನೆನಪಿರಲಿಕ್ಕಿಲ್ಲ. 1991ರಲ್ಲಿ ಅವರು ಬಿದ್ದಾಗ ನಿನಗೆ ಎರಡು ವರ್ಷ. ಇದೇ ಮನೆ, ಆಗ ಬಚ್ಚಲು ಹಿತ್ತಲಲ್ಲಿತ್ತು. ಹಂಡೆಗೆ ನೀರು ತುಂಬಲು ಹೋದವರು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಸಕ್ಕರೆ ಕಾಯಿಲೆ ಏರಿದೆ, ಹೃದಯಕ್ಕೆ ಶಕ್ತಿಯಿಲ್ಲ, ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟರೆ ಏಳುವ ಭರವಸೆಯಿಲ್ಲ ಅಂದರು ಡಾಕ್ಟರು. ಕಾಲಿಗೆ ಪಟ್ಟಿ ಕಟ್ಟಿ ತೂಕ ನೇತುಹಾಕಿ ಕೆಲವು ವಾರ ಆಸ್ಪತ್ರೆಯಲ್ಲಿ ಮಲಗಿಸಿದರು, ಆಮೇಲೆ ಮನೆಗೆ ಕಳಿಸಿದರು. ಈಗ ಅಂಥ ಮುರಿತಕ್ಕೆ ಸಾಧ್ಯವಾದರೆ ಒಂದೆರಡು ದಿನದಲ್ಲೇ ಆಪರೇಷನ್ ಮಾಡಿ, ಮಾರನೇ ದಿನವೇ ಎಬ್ಬಿಸಿ ಕೂರಿಸುತ್ತಾರೆ, ನಿಲ್ಲಿಸುತ್ತಾರೆ. ನನ್ನನ್ನೂ ಆಪರೇಷನ್ ಆದ ಮರುದಿನ ಬೆಳಿಗ್ಗೆ ವಾಕರ್ ಹಿಡಿಸಿ ನಿಲ್ಲಿಸಿದರಲ್ಲ, ನನಗೆ ಮೊದಲು ಬಂದ ಯೋಚನೆ ಅದೇ. ಅತ್ತೆಯವರನ್ನು ಯಾರೂ ಹೀಗೆ ನಿಲ್ಲಿಸಲಿಲ್ಲವಲ್ಲ. ನೀನು ನೋವಿಗೆ ಅಳುತ್ತಿದ್ದೇನೆ ಅಂದುಕೊಂಡೆ.

ಅವರು ಮಲಗಿದ್ದದ್ದು ಈ ಕೋಣೆಯಲ್ಲಿ. ನಾನೀಗ ಮಲಗಿರುವ ಜಾಗದಲ್ಲೇ, ಕಿಟಕಿಗೆ ತಲೆ ಹಾಕಿ, ಕಬ್ಬಿಣದ ಮಂಚದ ಮೇಲೆ. ನಾವು ಮೂವರೂ ಪಕ್ಕದ ಕೋಣೆಯಲ್ಲಿ, ನಡುವೆ ಒಂದು ಪರದೆ. ಅವರ ತಲೆದೆಸೆಯಲ್ಲಿ ಒಂದು ಹಿತ್ತಾಳೆ ಚೊಂಬು. ರಾತ್ರಿ ಏನಾದರೂ ಬೇಕಾದರೆ ಆ ಚೊಂಬಿನಿಂದ ಮಂಚದ ಸರಳಿಗೆ ಮೆಲ್ಲಗೆ ತಟ್ಟೋರು. ಜೋರಾಗಿ ಅಲ್ಲ, ನೀನು ಎದ್ದುಬಿಡುತ್ತೀಯ ಅಂತ. ಟಣ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯದಕ್ಕೆ ಬಾಯಿಬಿಟ್ಟು ಕೇಳೋರು: "ಏನಮ್ಮಾ, ಎಚ್ಚರಾನಾ?" ಇವತ್ತು ಬಾಗಿಲಲ್ಲಿ ನಿಂತು ನೀನು ಕೇಳಿದ್ದೂ ಅದನ್ನೇ.

ಆಗ ನಾನು ಊರಿಂದೂರಿಗೆ ಫೋನ್ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನಿನಗೆ ಆ ಕೆಲಸ ಹೇಗಿರುತ್ತಿತ್ತು ಅಂತ ಗೊತ್ತಾಗುವ ಹೊತ್ತಿಗೆ ಎಲ್ಲ ನೇರವಾಗಿ ನಂಬರು ತಿರುಗಿಸುವ ಎಸ್‌ಟಿಡಿ ಆಗಿಹೋಗಿತ್ತು. ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ಬೋರ್ಡು. ದೀಪ ಹತ್ತಿದ ಕೂಡಲೇ ವೈರಿನ ಪ್ಲಗ್ಗು ಚುಚ್ಚಿ ಮಾತಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕರೆಗಳು. ಯಾರದೋ ಹೆರಿಗೆ, ಯಾರದೋ ಸಾವು, ಎಲ್ಲ ನಮ್ಮ ಕಿವಿಯ ಮುಂದೆಯೇ ದಾಟಿ ಹೋಗುತ್ತಿದ್ದವು. ದೀಪ ಹತ್ತಿದ್ದನ್ನು ನೋಡಿಯೂ ಸುಮ್ಮನೆ ಕೂತವಳು ನಾನಲ್ಲ. 2020ರ ಜನವರಿ 31ಕ್ಕೆ ಸ್ವಯಂನಿವೃತ್ತಿಯ ವಿಆರ್‌ಎಸ್ ತೆಗೆದುಕೊಂಡು ಹೊರಬರುವಾಗಲೂ ಎದೆ ತಟ್ಟಿ ಆ ಮಾತು ಹೇಳಿದ್ದೆ. ಬೋರ್ಡಿನ ಮುಂದಿನ ಮಟ್ಟಿಗೆ ಅದು ನಿಜ.

ಆ ರಾತ್ರಿ ಚಳಿಗಾಲದ್ದು. ನಿನಗೆ ಎರಡು ದಿನದಿಂದ ಜ್ವರ, ನಾನು ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಪಾಳಿ ಮುಗಿಸಿ ಬಂದು ಅವರ ಹಾಸಿಗೆ ಬದಲಿಸಿ, ಬೆನ್ನಿಗೆ ಸ್ಪಿರಿಟ್ ಒರೆಸಿ ಪೌಡರ್ ಹಾಕಿ, ನಿನ್ನನ್ನು ಮಲಗಿಸಿ ಆಗತಾನೆ ತಲೆಯಿಟ್ಟಿದ್ದೆ. ಟಣ್ ಅಂತು. ಕೇಳಿತು. ಏಳಬೇಕು ಅಂದುಕೊಂಡೆ. ಇನ್ನೊಂದು. ಇನ್ನೊಂದು ನಿಮಿಷ ಅಂದುಕೊಂಡೆ. ಮೂರನೆಯದಕ್ಕೆ "ಏನಮ್ಮಾ, ಎಚ್ಚರಾನಾ?" ಅಂದರು. ನಾನು ಗೋಡೆಯ ಕಡೆ ಹೊರಳಿದೆ. ಕೈತುಂಬ ಗಾಜಿನ ಬಳೆ ಪುಟ್ಟೀ, ಹೊರಳಿದಾಗ ಝಲ್ ಅಂದವು. ಆಮೇಲೆ ಅವರು ಕರೆಯಲಿಲ್ಲ.

ಬೆಳಿಗ್ಗೆ ಹತ್ತಿಯ ಹಾಸಿಗೆ ಕೆಳಗಿನವರೆಗೂ ನೆನೆದಿತ್ತು. ಆ ಚಳಿಯಲ್ಲಿ ಒದ್ದೆಯಲ್ಲೇ ಮಲಗಿದ್ದರು, ಕೈ ಮಂಜಿನ ಹಾಗಿತ್ತು. ನಿಮ್ಮಪ್ಪ "ಯಾಕಮ್ಮಾ, ಕರೀಬಾರದಿತ್ತಾ?" ಅಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. "ನಂಗೇ ಎಚ್ಚರ ಆಗ್ಲಿಲ್ಲ ಕಣೋ" ಅಂದರು.

ನಾನು ಅವರ ಸೀರೆ ಬದಲಿಸಿದೆ. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತಿನಿಂದ ರಾತ್ರಿ ಚೊಂಬಿನ ಸದ್ದು ನಿಂತುಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಕೇಳಿದರೆ ಬಾಯಾರಿಕೆ ಇಲ್ಲ ಅನ್ನೋರು. ತುಟಿ ಒಣಗಿ ಬಿರಿದಿರುತ್ತಿದ್ದವು, ನಾನು ತುಪ್ಪ ಸವರುತ್ತಿದ್ದೆ. ತುಪ್ಪ ಸವರಿದೆನಲ್ಲ ಅಂತ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಬೆನ್ನಿನ ಹುಣ್ಣು ಆಳಕ್ಕಿಳಿಯಿತು, ಕಫ ಕಟ್ಟಿತು, ಯುಗಾದಿಗೆ ಮುಂಚೆ ಹೋದರು. ಒಂದು ರಾತ್ರಿ ನಾನು ಏಳದೆ ಇದ್ದದ್ದಕ್ಕೆ ಹೋದರು ಅಂತಲ್ಲ, ಅಷ್ಟು ನನಗೂ ಗೊತ್ತು. ಆದರೆ ಆ ಬಳೆ ಸದ್ದು ಅವರಿಗೆ ಕೇಳಿತ್ತು ಅನ್ನುವುದೂ ಗೊತ್ತು.

ನೀನು ದಿನಾ ಬೆಳಿಗ್ಗೆ ನನ್ನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ "ಒಂದು ಗುಟುಕೂ ಕುಡಿದಿಲ್ಲ" ಅಂತ ಬೈಯುತ್ತಿದ್ದೆಯಲ್ಲ, ಈಗ ತಿಳಿಯಿತಾ ಯಾಕೆ ಅಂತ. ನನಗೇ ತಿಳಿದದ್ದು ನಿನ್ನೆ. ಏನೂ ಯೋಚಿಸದೆ ಅವರು ಮಾಡಿದ್ದನ್ನೇ ಮಾಡುತ್ತಿದ್ದೆ.

ಇನ್ನೊಂದು ಮಾತು ಈ ಐದು ವಾರದಲ್ಲಿ ಹೊಳೆಯಿತು. ಆ ರಾತ್ರಿ ಅವರ ಮಗ ನನ್ನ ಪಕ್ಕದಲ್ಲೇ ಮಲಗಿದ್ದರು. ಅವರನ್ನು ಎಬ್ಬಿಸಬಹುದು ಅಂತ ನನಗೆ ತೋಚಲೇ ಇಲ್ಲ. ಅತ್ತೆಗೂ ತೋಚಲಿಲ್ಲ, ಒಂದು ದಿನವೂ ಮಗನ ಹೆಸರು ಹಿಡಿದು ಕರೆಯಲಿಲ್ಲ. ಹೆತ್ತ ತಾಯಿ ಕರೆದರೆ ಏಳಬೇಕಾದವಳು ಸೊಸೆ ಅಂತ ಮೂವರೂ ಒಪ್ಪಿಕೊಂಡಿದ್ದೆವು. ನಿಮ್ಮಪ್ಪ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ ಚೊಂಬಿನ ಸದ್ದು ಕೇಳಿಸುವುದೇ ಇಲ್ಲ ಅಂತ ನಾನು ತಿಳಿದಿದ್ದೆ. ಈಗಲೂ ನೀನು ಬಂದ ಕೂಡಲೇ ಅವರು ಮೇಲಿನ ಕೋಣೆಗೆ ಹೋಗಿ ಮಲಗಿದರು, ನಾವಿಬ್ಬರೂ ಅದನ್ನು ಸಹಜ ಅಂದುಕೊಂಡೆವು. ಇವತ್ತಿನಿಂದ ಅವರೇ ಹಾಲಿನಲ್ಲಿ ಮಲಗಬೇಕು. ಹೇಳಿದ್ದೇನೆ. ಹೂಂ ಅಂದಿದ್ದಾರೆ.

ಸ್ವಲ್ಪ ಹೊತ್ತು ಮಲಗಿ ಎದ್ದು ಮತ್ತೆ ಬರೆಯುತ್ತಿದ್ದೇನೆ. ಫಿಸಿಯೋ ಹುಡುಗ ಬಂದು ಹೋದ. ಆ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಮಂಡಿಗಿಟ್ಟು ಅಳೆದ, ಮಡಚುವುದು 98 ಡಿಗ್ರಿ. ಕ್ಯಾಲೆಂಡರಿನಲ್ಲಿ ನೀನು ಪೆನ್ಸಿಲಿನಲ್ಲಿ ಬರೆದ 60, 72, 85, 94ರ ಪಕ್ಕ ಇವತ್ತಿನದನ್ನು ನಾನೇ ಬರೆದೆ. ಗೋಡೆಯವರೆಗೆ ನಡೆದು, ಒಂದು ಕೈ ವಾಕರಿನ ಮೇಲೆ ಬಿಗಿಯಾಗಿಟ್ಟು. ಕಾಲು ಪೂರ್ತಿ ನೆಟ್ಟಗಾಗುವುದು ಮಾತ್ರ ಇನ್ನೂ ಸ್ವಲ್ಪ ಬಾಕಿ ಇದೆಯಂತೆ. ಮಂಡಿಯಡಿಗೆ ದಿಂಬು ಇಟ್ಟುಕೊಂಡರೆ ಅರೆ ಮಡಚಿದ ಹಾಗೇ ಕೂತುಬಿಡುತ್ತದೆ ಅಂತ ಅವನೂ ಬೈದ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಟ್ಟು, ಮಂಡಿಯನ್ನು ಹಾಸಿಗೆಗೆ ಒತ್ತಿ ಹತ್ತು ಎಣಿಸಬೇಕು. ನೀನು ಎದುರಿಗೆ ಕೂತು ಎಣಿಸುವಾಗ ಏಳಕ್ಕೇ ಬಿಟ್ಟುಬಿಡುತ್ತಿದ್ದೆ. ಇವತ್ತು ಹತ್ತಕ್ಕೆ ಬಿಟ್ಟೆ.

ನಿನ್ನನ್ನು ಹೊಗಳುವುದು ನನಗೆ ರೂಢಿಯಿಲ್ಲ, ಆದರೂ ಬರೆಯುತ್ತೇನೆ. ಆಸ್ಪತ್ರೆಯಿಂದ ಕಳಿಸುವಾಗ ನಾಲ್ಕು ಹಾಳೆ ಇಂಗ್ಲಿಷು ಕೈಗಿಟ್ಟು ಐದು ನಿಮಿಷದಲ್ಲಿ ಮುಗಿಸಿದರು. ಮನೆಯಲ್ಲಿ ಹೊಸ್ತಿಲೆಷ್ಟು, ಮೆಟ್ಟಿಲೆಷ್ಟು, ಬಚ್ಚಲ ಬಾಗಿಲಲ್ಲಿ ವಾಕರ್ ಹಿಡಿಸುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಅದನ್ನೆಲ್ಲ ಕೇಳಿದವಳು ನೀನು. ಟೇಪು ಹಿಡಿದು ಅಳೆದೆ. ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಎರಡು ಹೊಸ್ತಿಲು ಅಂತ ಲೆಕ್ಕ ಹಾಕಿ ಬಡಗಿಯನ್ನು ಕರೆಸಿ ಇಳಿಜಾರಿನ ಹಲಗೆ ಹಾಕಿಸಿದೆ, ಗೋಡೆಗೆ ಹಿಡಿಕೆ ಕೂರಿಸಿದೆ. ಕೆಳಗಿನ ಶೆಲ್ಫಿನ ಡಬ್ಬಿಗಳನ್ನೆಲ್ಲ ಸೊಂಟದೆತ್ತರಕ್ಕೆ ತಂದಿಟ್ಟೆ. ಎರಡು ಕೈಯೂ ವಾಕರಿನ ಮೇಲಿದ್ದರೆ ಕಾಫಿ ಲೋಟ ಹಿಡಿಯುವುದು ಯಾವ ಕೈಯಲ್ಲಿ? ನನಗೆ ಅಳು ಬಂದದ್ದು ಅದಕ್ಕೆ, ಬೇರೇನಕ್ಕೂ ಅಲ್ಲ. ನೀನು ಮದುವೆಮನೆಯ ತಾಂಬೂಲದ ಚೀಲವೊಂದನ್ನು ವಾಕರಿಗೆ ಕಟ್ಟಿ ಅದರಲ್ಲಿ ಫ್ಲಾಸ್ಕು, ಕನ್ನಡಕ, ಫೋನು ಇಟ್ಟೆ. ಕಾಲು ಎತ್ತಲಾಗದಿದ್ದಾಗ ನಿನ್ನ ದುಪಟ್ಟಾವನ್ನು ಪಾದಕ್ಕೆ ಸಿಕ್ಕಿಸಿ ಎಳೆದುಕೊಳ್ಳುವುದನ್ನು ಕಲಿಸಿದೆ. ಹಿಮ್ಮಡಿಯಡಿ ಪ್ಲಾಸ್ಟಿಕ್ ಕವರ್ ಇಟ್ಟು ಜಾರಿಸುವುದನ್ನು ಕಲಿಸಿದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟ ಆ ಬಿಗಿ ಸ್ಟಾಕಿಂಗ್ಸನ್ನು ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು ಬೆರಳು ಕೆಂಪಾಗುವವರೆಗೆ ಎಳೆದು ಹಾಕುತ್ತಿದ್ದೆ, ಮೀನಖಂಡ ಒತ್ತಿ ಊದಿದೆಯಾ, ಬಿಸಿಯಿದೆಯಾ ಅಂತ ನೋಡುತ್ತಿದ್ದೆ. ನಿನ್ನ ನೆತ್ತಿ ನನ್ನ ಕಣ್ಣ ಕೆಳಗೇ ಇರುತ್ತಿತ್ತು. ನಾಲ್ಕು ಬಿಳಿಕೂದಲು. ನಿನಗೆ 36 ಅಂತ ನನಗೆ ನೆನಪಾಗುವುದು ಆಗಲೇ.

ಸ್ನಾನದ ವಿಷಯ ಒಂದು ಹೇಳಬೇಕು. ಮೊದಲ ದಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ನೀನು ಬೆನ್ನುಜ್ಜುವಾಗ ನಾನು ಸಿಡುಕಿದೆ, ನೀರು ಬಿಸಿ, ಸೋಪು ಸರಿಯಿಲ್ಲ, ಏನೇನೋ ಅಂದೆ. ನಾಚಿಕೆಗೆ ಹಾಗಾಡಿದೆ. ಮಗಳ ಮುಂದೆ ಮೈಬಿಟ್ಟು ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಅತ್ತೆಗೆ ನಾನು ಸ್ನಾನ ಮಾಡಿಸುವಾಗ ಅವರು ಕಣ್ಣು ಮುಚ್ಚಿಕೊಂಡು ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಭಕ್ತಿ ಅಂದುಕೊಂಡಿದ್ದೆ.

ಖರ್ಚಿನ ಮಾತು ಎತ್ತಿದರೆ ನೀನು ರೇಗುತ್ತೀಯ. 2017ರಲ್ಲಿ ಸರ್ಕಾರ ಕೃತಕ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿದ ಮೇಲೆ ನಮ್ಮಂಥವರ ಕೈಗೆ ಎಟುಕುವ ಹಾಗಾಯಿತು ಅಂತ ಅಪ್ಪ ಹೇಳುತ್ತಲೇ ಇರುತ್ತಾರೆ. ಆದರೂ ಕೋಣೆ, ಡಾಕ್ಟರು, ಔಷಧಿ ಎಲ್ಲ ಸೇರಿ ನಿನ್ನ ಕೈಯಿಂದ ಎಷ್ಟು ಹೋಯಿತು ಅಂತ ಇಬ್ಬರೂ ಬಾಯಿಬಿಡುತ್ತಿಲ್ಲ. ನನ್ನ ವಿಆರ್‌ಎಸ್ ದುಡ್ಡಿನ ಡಿಪಾಸಿಟ್ಟು ಸಂಕ್ರಾಂತಿಗೆ ಮುಗಿಯುತ್ತದೆ. ಅದನ್ನು ನಿನ್ನ ಖಾತೆಗೆ ಹಾಕಿಸುತ್ತೇನೆ. ಬೇಡ ಅನ್ನಬೇಡ.

ನಿನ್ನ ಮಂಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಹಡಿ ಹತ್ತುವಾಗ ನಿನ್ನ ಬಲಮಂಡಿ ಕಟಕಟ ಅನ್ನುತ್ತದೆ, ಕೇಳಿದ್ದೇನೆ. ಬೆಳಗಿನಿಂದ ರಾತ್ರಿಯವರೆಗೆ ಲ್ಯಾಪ್‌ಟಾಪಿನ ಮುಂದೆ ಕಾಲು ಮಡಚಿ ಕೂತಿರುತ್ತೀಯ. ಗಂಟೆಗೊಮ್ಮೆ ಏಳು. ತೊಡೆಯ ಮುಂಭಾಗದ ಮಾಂಸಖಂಡ ಗಟ್ಟಿಯಿದ್ದರೆ ಮಂಡಿಯ ಮೇಲಿನ ಭಾರ ಅದು ಹೊರುತ್ತದೆ, ಈ ಹುಡುಗ ನನಗೆ ಮಾಡಿಸುವ ವ್ಯಾಯಾಮವನ್ನು ನೀನು ಈಗಲೇ ಮಾಡು. ತೂಕ ಏರಗೊಡಬೇಡ. ಬಿಸಿಲಿಗೆ ಮೈಯೊಡ್ಡು. ನೋವು ಬಂದರೆ ಎಣ್ಣೆ ಹಚ್ಚಿಕೊಂಡು, ಅಂಗಡಿಯಿಂದ ಮಾತ್ರೆ ತಂದು ನುಂಗಿಕೊಂಡು ವರ್ಷಗಟ್ಟಲೆ ತಳ್ಳಬೇಡ. ನಾನು ಎಂಟು ವರ್ಷ ತಳ್ಳಿದೆ. ರಾಮಾಂಜನೇಯ ಗುಡ್ಡಕ್ಕೆ ಹೋಗುವುದನ್ನು ಮೊದಲು ಬಿಟ್ಟೆ, ಆಮೇಲೆ ಗಾಂಧಿಬಜಾರಿಗೆ ನಡೆದು ಹೋಗುವುದನ್ನು, ಆಮೇಲೆ ಬಾಗಿಲಲ್ಲಿ ಕೂತು ರಂಗೋಲಿ ಹಾಕುವುದನ್ನು. ಒಂದೊಂದನ್ನು ಬಿಟ್ಟಾಗಲೂ ವಯಸ್ಸಾಯಿತು ಅಂದುಕೊಂಡೆ. ಮಗುವಿಗೆ ನೀರು ಬೇಕಾದರೆ ಅದೇ ಎದ್ದು ತೆಗೆದುಕೊಳ್ಳಲಿ, ನೀನು ಓಡಬೇಡ. ಅಳಿಯಂದಿರಿಗೆ ಅನ್ನಕ್ಕಿಡುವುದು ಗೊತ್ತಿದೆ ಅಂತ ಈ ಐದು ವಾರದಲ್ಲಿ ಗೊತ್ತಾಯಿತಲ್ಲ, ಇನ್ನು ಅದನ್ನು ಮರೆಯಲು ಬಿಡಬೇಡ. ನಿನ್ನ ಅತ್ತೆಗೂ ಎಪ್ಪತ್ತಾಗುತ್ತಾ ಬಂತು. ನಾಳೆ ಅವರು ಮಲಗಿ ಕರೆದರೆ ಒಂದೇ ಕೂಗಿಗೆ ಏಳು ಅಂತ ಬರೆಯಲು ಹೊರಟೆ, ಬರೆಯುವುದಿಲ್ಲ. ಆಗುವಷ್ಟು ದಿನ ಏಳು. ಆಗದ ದಿನ ಬಾಯಿಬಿಟ್ಟು ಹೇಳು, ಇವತ್ತು ನನ್ನ ಕೈಲಿ ಆಗಲ್ಲ, ನೀವು ಏಳಿ ಅಂತ ಅವರ ಮಗನನ್ನು ಅಲ್ಲಾಡಿಸಿ ಎಬ್ಬಿಸು. ಗೋಡೆಯ ಕಡೆ ಹೊರಳಬೇಡ.

ಮುಂದಿನ ಸೋಮವಾರ ಕಡಲೆಕಾಯಿ ಪರಿಷೆ. ದೊಡ್ಡಬಸವಣ್ಣನ ಗುಡಿಯ ರಸ್ತೆಯಲ್ಲಿ ಈಗಲೇ ರಾಶಿ ಹಾಕಿದ್ದಾರಂತೆ, ಅಪ್ಪ ನೋಡಿಕೊಂಡು ಬಂದರು. ಆ ನೂಕುನುಗ್ಗಲಿಗೆ ಈ ವರ್ಷ ನಾನು ಹೋಗುವಂತಿಲ್ಲ. ಮುಂದಿನ ವಾರ ವಾಕರ್ ಬಿಡಿಸಿ ಕೋಲು ಕೊಡುತ್ತಾರಂತೆ. ಎಡಮಂಡಿಗೆ ಆಪರೇಷನ್ ಆಗಿದ್ದರೆ ಕೋಲು ಬಲಗೈಯಲ್ಲಿ ಹಿಡಿಯಬೇಕಂತೆ, ನಾನು ಉಲ್ಟಾ ತಿಳಿದಿದ್ದೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಮೂರು ಮೆಟ್ಟಿಲು ಇಳಿದು ಗೇಟಿನವರೆಗೆ ಹೋದ ದಿನ ನಿನಗೆ ಫೋಟೋ ಕಳಿಸುತ್ತೇನೆ. ಕೆಳಗೆ ಕೂರುವುದು, ಚಕ್ಕಳಮಕ್ಕಳ ಹಾಕುವುದು ಇನ್ನು ಬೇಡ ಅಂದಿದ್ದಾರೆ. ರಂಗೋಲಿ ಇನ್ನು ನೀನು ಬಂದಾಗಲೇ.

ಸಾಕು. ಕೈ ನೋಯುತ್ತಿದೆ.

ಬುಧವಾರ ಬೆಳಿಗ್ಗೆ

ಕಾಗದ ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ.

ನಿನ್ನೆ ಊಟವಾದ ಮೇಲೆ ಎರಡು ಲೋಟ ನೀರು ಕುಡಿದೆ. ಬೇಕೆಂತಲೇ ಕುಡಿದೆ. ಎರಡೂಕಾಲಿಗೆ ಎಚ್ಚರವಾಯಿತು. ಮಂಡಿ ರಾತ್ರಿ ಹೊತ್ತೇ ಹೆಚ್ಚು ನೋಯುತ್ತದೆ, ಒಳಗೆ ಯಾರೋ ತಿರುಪು ಬಿಗಿದ ಹಾಗೆ. ವಾಕರ್ ಕೈಗೆಟುಕುವಷ್ಟು ಹತ್ತಿರವಿತ್ತು. ವಾಕರ್, ನೋವಿನ ಕಾಲು, ಒಳ್ಳೇ ಕಾಲು ಅಂತ ಎಣಿಸಿಕೊಂಡು ನಾನೊಬ್ಬಳೇ ಹೋಗಿಬರಬಹುದಿತ್ತು. ಗುಂಡಿ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಅಂಗೈ ಬೆವತುಹೋಯಿತು.

ಒತ್ತಿದೆ. ಹಾಲಿನಲ್ಲಿ ಸದ್ದಾಯಿತು. ಯಾರೂ ಏಳಲಿಲ್ಲ. ನಿನ್ನ ಗಡಿಯಾರದ ಟಿಕ್ ಟಿಕ್ ಒಂದೇ ಕೇಳುತ್ತಿತ್ತು. ಗುಂಡಿಯನ್ನು ದಿಂಬಿನಡಿಗೆ ಇಟ್ಟುಬಿಡೋಣ ಅನ್ನಿಸಿತು. ಅತ್ತೆ ಮೂರು ಸಲ ತಟ್ಟುತ್ತಿದ್ದರಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತಿದೆ.

ಹಾಲಿನ ಕತ್ತಲಲ್ಲಿ ದಿವಾನ ಕಿರುಗುಟ್ಟಿತು. ನಿಮ್ಮಪ್ಪನ ದನಿ ಬಂತು, ನಿದ್ದೆಗಣ್ಣಿನ ದನಿ. "ಬಂದೆ ಅಮ್ಮಾ, ಬಂದೆ" ಅಂದರು.

ಬಾಗಿಲಿಗೆ ಬಂದು ದೀಪ ಹಾಕಿ, ನನ್ನನ್ನು ನೋಡಿ ಸ್ವಲ್ಪ ಹೊತ್ತು ಹಾಗೇ ನಿಂತರು. ನಾನೂ ಏನೂ ಕೇಳಲಿಲ್ಲ. ವಾಕರನ್ನು ಹಿಂದುಮುಂದಾಗಿ ಕೊಟ್ಟರು, ತಿರುಗಿಸಿ ತೋರಿಸಿದೆ. ಹದಿನಾಲ್ಕು ಹೆಜ್ಜೆಯೂ ಪಕ್ಕದಲ್ಲೇ ನಡೆದರು, ಎರಡನೇ ಹೊಸ್ತಿಲಲ್ಲಿ ಮ್ಯಾಟನ್ನು ಕಾಲಿನಿಂದ ಆಚೆ ಸರಿಸಿದರು. ವಾಪಸು ಬಂದು ಮಲಗಿದ ಮೇಲೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನೀನು ಹೇಳಿಕೊಟ್ಟು ಹೋಗಿರಬೇಕು.

ಈಗ ಅವರು ಅಂಚೆಕಚೇರಿಗೆ ಹೊರಟು ನಿಂತಿದ್ದಾರೆ. ಕಾಗದ ಸೇರಿದ ದಿನ ನನ್ನ ನಂಬರಿಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಎತ್ತುತ್ತೇನೆ.

ಇಂತಿ
ನಿನ್ನ ಅಮ್ಮ